ಗಿಡ್ಡ ಹಗ್ಗ

ಕಳೆದ ತಿಂಗಳು ಒಂದು ಮಧ್ಯಾಹ್ನ, ಬಳ್ಳಾರಿಯ ಕೌಲ್ ಬಜಾರಿನಲ್ಲಿರುವ ನಮ್ಮ ಹಿಂಡಿ-ಬೂಸಾ ಅಂಗಡಿ ಮುಂದೆ ಒಂದು ಜೀಪು ಬಂದು ನಿಂತಿತು. ಅದರ ಹಿಂದೆ ಹೊಸ ಟ್ರೇಲರ್. ಮೇಲೆ ಚಾವಣಿ, ಎರಡೂ ಬದಿ ಗಾಳಿಗೆ ಕಿಂಡಿ, ಒಳಗೋಡೆಗೆ ಮೆತ್ತೆ, ನೆಲಕ್ಕೆ ದಪ್ಪ ರಬ್ಬರ್ ಹಾಸು. ಹಿಂಬಾಗಿಲನ್ನು ಕೆಳಗಿಳಿಸಿದರೆ ಅದೇ ಇಳಿಜಾರಾಗಿ ಕುದುರೆ ತಾನೇ ನಡೆದು ಹತ್ತಬಹುದು. ಇಳಿದು ಬಂದವನು ಸಿರುಗುಪ್ಪದ ಕಡೆಯ ಹುಡುಗ, ಇಪ್ಪತ್ತೈದರ ಒಳಗಿನವನು. ಮದುವೆ ಮೆರವಣಿಗೆಗೆ ಕುದುರೆ ಕಳಿಸುವುದು ಅವನ ಕಸುಬು. ನಾಂದೇಡ ಜಿಲ್ಲೆಯ ಮಾಳೆಗಾಂವ್ ಜಾತ್ರೆಗೆ ಹೋಗಿ ಕುದುರೆ ತರುತ್ತಾನಂತೆ. ಇಷ್ಟು ದೂರದಿಂದ ತರುವುದು ಇದೇ ಮೊದಲು.

"ಕಾಕಾ, ನೀವು ಅಲ್ಲಿಂದ ಒಂದೇ ರಾತ್ರಿಗೆ ಕುದ್ರಿ ತಂದಿದ್ರಂತಲ್ಲ, ಎಲ್ಲೂ ನಿಲ್ಲಸ್ದಂಗ. ನಮ್ಮಪ್ಪ ಈಗ್ಲೂ ಹೇಳ್ತಾನ. ಹೆಂಗ ತಂದ್ರಿ, ಹೇಳ್ರಿ" ಎಂದ.

ಆ ಮಾತು ಅವನ ಅಪ್ಪನಿಗೆ ಹೇಗೆ ತಿಳಿಯಿತು ಎಂದು ನಾನು ಕೇಳಬೇಕಿರಲಿಲ್ಲ. ಈ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಎಷ್ಟೋ ವರ್ಷ, ಬಂದ ಗಿರಾಕಿಗಳಿಗೆಲ್ಲ ನಾನೇ ಹೇಳಿಕೊಂಡಿದ್ದೆ. ಹುಡುಗನಿಗೆ ಚಹಾ ತರಿಸಿದೆ. ಅವನು ಕುಡಿದು ಮುಗಿಸುವವರೆಗೂ ನನ್ನ ಬಾಯಿಂದ ಮಾತು ಹೊರಡಲಿಲ್ಲ.

ಆ ಕುದುರೆ ತಂದದ್ದು 1994ರ ಡಿಸೆಂಬರ್ ಕೊನೆಯ ವಾರದಲ್ಲಿ. ನನಗಾಗ ಹತ್ತೊಂಬತ್ತು. ಅಂಗಡಿ ಅಪ್ಪನದು. ಎದುರಿಗೇ ಜಟಕಾ ಸ್ಟ್ಯಾಂಡು. ಒಂದು ಕಾಲಕ್ಕೆ ಅಲ್ಲಿ ಇಪ್ಪತ್ತು ಗಾಡಿ ಸಾಲಾಗಿ ನಿಲ್ಲುತ್ತಿದ್ದವು. ಬೆಳಿಗ್ಗೆ ಹುರುಳಿ ಬೇಯುವ ವಾಸನೆ, ಒದ್ದೆ ಹುಲ್ಲಿನ ವಾಸನೆ, ಲದ್ದಿಯ ವಾಸನೆ ಮೂರೂ ಬೆರೆತು ಬರುತ್ತಿದ್ದವು. ನನ್ನ ಬಾಲ್ಯದ ಬಳ್ಳಾರಿ ಎಂದರೆ ನನಗೆ ಆ ಗಾಳಿಯೇ. ರೈಲ್ವೆ ಸ್ಟೇಷನ್ನಿನಿಂದ ಬ್ರೂಸ್‌ಪೇಟೆಗೆ, ಮೋತಿ ಸರ್ಕಲ್ಲಿಗೆ, ಕೋಟೆಯ ಕಡೆಗೆ ಜನ ಜಟಕಾದಲ್ಲೇ ಹೋಗುತ್ತಿದ್ದರು. 1994ರ ಹೊತ್ತಿಗೆ ಆ ಸಾಲಿನಲ್ಲಿ ಉಳಿದದ್ದು ಐದೋ ಆರೋ ಗಾಡಿ. ಆಟೋಗಳು ಬಂದು ಬಾಡಿಗೆಯನ್ನೆಲ್ಲ ಎಳೆದುಕೊಂಡಿದ್ದವು.

ಉಳಿದವರಲ್ಲಿ ಹಿರಿಯರು ಒಬ್ಬರಿದ್ದರು. ಓಣಿಯ ಮಕ್ಕಳೆಲ್ಲ ಅವರನ್ನು ಚಾಚಾ ಎನ್ನುತ್ತಿದ್ದೆವು. ಅರವತ್ತು ದಾಟಿದ್ದ ತೆಳ್ಳಗಿನ ಆಳು, ಬಲಗೈಯ ಎರಡು ಬೆರಳು ಲಗಾಮು ಹಿಡಿದು ಹಿಡಿದು ಬಾಗಿಯೇ ಉಳಿದಿದ್ದವು. ಅವರ ಹಳೆಯ ಕುದುರೆ ಆ ವರ್ಷದ ಮಳೆಗಾಲದಲ್ಲಿ ಸತ್ತಿತ್ತು. ಮಕ್ಕಳು ಆಟೋ ಕೊಳ್ಳೋಣ ಎಂದರು. ಚಾಚಾ ಕೂಡಿಟ್ಟ ದುಡ್ಡು ಸೊಂಟಕ್ಕೆ ಕಟ್ಟಿಕೊಂಡು ಅಪ್ಪನ ಹತ್ತಿರ ಬಂದು, "ಒಂದು ಕುದ್ರಿ ನೋಡ್ಕೊಂಡು ಬರ್ತೀನಿ. ನಿನ್ನ ಮಗನ್ನ ಜೊತೀಗೆ ಕಳ್ಸು" ಎಂದರು. ಎಲ್ಲರೂ ಕುದುರೆ ಮಾರುತ್ತಿದ್ದ ಕಾಲದಲ್ಲಿ ಅವರು ಕೊಳ್ಳಲು ಹೊರಟಿದ್ದರು. ಅದು ಹಟ ಎಂದು ಆಗ ಅಪ್ಪ ಅಂದಿದ್ದ. ನಲವತ್ತು ವರ್ಷ ದಿನಾ ಬೆಳಿಗ್ಗೆ ಒಂದು ಜೀವದ ಮೈ ತಿಕ್ಕಿದ ಕೈಗೆ ಮರುದಿನದಿಂದ ಕೆಲಸವಿಲ್ಲ ಎಂದರೆ ಹೇಗಾಗುತ್ತದೆ ಎಂಬುದು ನನಗೆ ತಿಳಿದದ್ದು, ಅಪ್ಪ ಹೋದ ಮೇಲೆ ಅವನ ತಕ್ಕಡಿ ನನ್ನ ಕೈಗೆ ಬಂದಾಗ.

ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಲಾರಿ ನಾಂದೇಡಕ್ಕೆ ಹೊರಟಿತ್ತು. ಅಕ್ಕಿ ಮೂಟೆಗಳ ಮೇಲೆ ಕೂತು ಹೋದೆವು. ವಾಪಸು ಬರುವಾಗ ಲಾರಿ ಖಾಲಿ, ಕುದುರೆಯನ್ನು ಸಿರುಗುಪ್ಪದವರೆಗೆ ತಂದುಕೊಡುವುದು ಎಂದು ಡ್ರೈವರಣ್ಣನ ಜೊತೆ ಮಾತಾಯಿತು. ಅಲ್ಲಿಂದ ಬಳ್ಳಾರಿಗೆ ಯಾರದಾದರೂ ಟ್ರ್ಯಾಕ್ಟರ್ ಟ್ರೇಲರ್ ಸಿಕ್ಕೇ ಸಿಗುತ್ತದೆ ಎಂದು ನಮ್ಮ ಲೆಕ್ಕ.

ಮಾಳೆಗಾಂವ್ ಜಾತ್ರೆ ಖಂಡೋಬನದು. ನಮ್ಮ ಮೈಲಾರಲಿಂಗನೇ ಅಲ್ಲಿ ಖಂಡೋಬ. ಅಲ್ಲೂ ಅವನು ಕುದುರೆ ಏರಿದ ದೇವರು, ಅಲ್ಲೂ ಭಂಡಾರದ ಅರಿಶಿನ. ಹಡಗಲಿಯ ಮೈಲಾರ ಆಗ ನಮ್ಮ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಚಾಚಾ ಖಂಡೋಬನ ಗುಡಿಗೂ ದೂರದಿಂದಲೇ ಕೈ ಎತ್ತಿದರು. ಆಮೇಲೆ ಎರಡು ದಿನ ಕುದುರೆಗಳ ನಡುವೆ ನಡೆದರು. ಸುಳಿ ನೋಡುವರು, ಹಲ್ಲು ನೋಡುವರು, ಗೊರಸೆತ್ತಿ ಮೂಸುವರು, ಕಣ್ಣ ಮುಂದೆ ಅಂಗೈ ಆಡಿಸುವರು. ಕೊನೆಗೆ ಒಂದು ಕೆಂಗಂದು ಬಣ್ಣದ ಹೆಣ್ಣು ಕುದುರೆಯ ಮುಂದೆ ನಿಂತರು. ಹಣೆಯಲ್ಲಿ ಹುಣಸೆಬೀಜದಷ್ಟು ಬಿಳಿ. ಅದು ಅವರ ಭುಜವನ್ನು ಒಮ್ಮೆ ಮೂಸಿ ಉಸಿರು ಬಿಟ್ಟಿತು. ಎಂಟೂವರೆ ಸಾವಿರಕ್ಕೆ ವ್ಯಾಪಾರ ಮುಗಿಯಿತು.

ಕುದುರೆಯ ವಿದ್ಯೆ ಚಾಚಾರಿಗೆ ಗೊತ್ತಿದ್ದಷ್ಟು ನಮ್ಮೂರಲ್ಲಿ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಆದರೆ ಆ ವಿದ್ಯೆಯೆಲ್ಲ ನಡೆಯುವ ಕುದುರೆಯದು. ಗಾಡಿಗೆ ಕಟ್ಟಿದ ಕುದುರೆ ದಾರಿಯನ್ನು ಕಾಲಲ್ಲಿ ಓದುತ್ತದೆ, ತಗ್ಗು ಬಂದರೆ ಗಾಡಿಯವನಿಗಿಂತ ಮೊದಲು ಅದಕ್ಕೆ ತಿಳಿಯುತ್ತದೆ. ಲಾರಿಯಲ್ಲಿ ನಿಂತ ಕುದುರೆಗೆ ದಾರಿ ಕಾಣುವುದಿಲ್ಲ. ತಿರುವು, ತಗ್ಗು, ಬ್ರೇಕು ಎಲ್ಲವೂ ಹೇಳದೆ ಕೇಳದೆ ಮೈಮೇಲೆ ಬೀಳುತ್ತವೆ. ಹಾಗೆ ನಿಂತ ಕುದುರೆ ಚಾಚಾರಿಗೂ ಹೊಸದು, ನನಗೂ ಹೊಸದು.

ಹೊಲದ ದಿಬ್ಬಕ್ಕೆ ಲಾರಿಯ ಹಿಂಬದಿ ತಾಗಿಸಿ, ಹಲಗೆ ಇಳಿಸಿ, ಮುಕ್ಕಾಲು ಗಂಟೆ ಪುಸಲಾಯಿಸಿ ಹತ್ತಿಸಿದೆವು. ತಳದ ತಗಡಿನ ಮೇಲೆ ಭತ್ತದ ಹುಲ್ಲು ಹಾಸಿದೆವು. ಕುದುರೆ ಹಿಂದೆ ಮುಂದೆ ಸರಿಯದಿರಲಿ, ತಿರುಗಿ ಬೀಳದಿರಲಿ ಎಂದು ಚಾಚಾ ಮುಖದ ಹಗ್ಗವನ್ನು ಲಾರಿಯ ಮೇಲಿನ ಸಲಾಕೆಗೆ ಎಡಕ್ಕೊಂದು ಬಲಕ್ಕೊಂದು ಕಟ್ಟಿದರು. ತಲೆ ಎತ್ತರದಲ್ಲಿ ನಿಂತಿತು. ಬಾಯಿಗೆ ನಿಲುಕುವಂತೆ ಮುಂದೆ ಹುಲ್ಲಿನ ಕಟ್ಟು ನೇತು ಹಾಕಿದರು. ಅಷ್ಟೂ ಪ್ರೀತಿಯಿಂದಲೇ ಮಾಡಿದ್ದು. ಮಧ್ಯಾಹ್ನ ಮೂರಕ್ಕೆ ಹೊರಟೆವು. ಚಾಚಾರನ್ನು ಕ್ಯಾಬಿನ್ನಿನಲ್ಲಿ ಕೂರಿಸಿ ನಾನು ಹಿಂದೆ ಕುದುರೆಯ ಜೊತೆ ಕೂತೆ.

ಉದಗೀರ್, ಬೀದರ್, ಹುಮನಾಬಾದ್. ಹುಮನಾಬಾದಿನ ದಾಬಾದಲ್ಲಿ ಊಟಕ್ಕೆ ನಿಲ್ಲಿಸಿದಾಗ ಬಕೆಟಿನಲ್ಲಿ ನೀರು ಹಿಡಿದೆ. ಕುದುರೆ ಮೂಸಿತು, ತುಟಿ ತೇವ ಮಾಡಿಕೊಂಡಿತು, ಕುಡಿಯಲಿಲ್ಲ. ಬೇರೆ ಊರಿನ ನೀರಿನ ವಾಸನೆಗೆ ಎಷ್ಟೋ ಕುದುರೆಗಳು ಬಾಯಿ ಹಚ್ಚುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಬಾಯಾರಿಲ್ಲ ಎಂದುಕೊಂಡೆ. ಅಲ್ಲಿಂದ ಮುಂದೆ ಅದು ತಲೆಯನ್ನು ಮತ್ತೆ ಮತ್ತೆ ಕೆಳಗೆ ಜಗ್ಗತೊಡಗಿತು. ಹಗ್ಗ ಬಿಗಿದು ಸಲಾಕೆ ಕಿರುಗುಟ್ಟುತ್ತಿತ್ತು. ಹೀಗೇ ಜಗ್ಗಿದರೆ ಹಗ್ಗ ಹರಿದೀತು, ಕುದುರೆ ಬಿದ್ದೀತು ಎಂದು ಭಯವಾಯಿತು. ಕತ್ತಲಲ್ಲಿ ಎದ್ದು, ಚಾಚಾ ಕಟ್ಟಿದ ಗಂಟು ಬಿಚ್ಚಿ, ಹಗ್ಗವನ್ನು ಇನ್ನೊಂದು ಗೇಣು ಗಿಡ್ಡ ಮಾಡಿ ಎರಡೂ ಕಡೆ ಬಿಗಿದೆ. ಆಮೇಲೆ ಕುದುರೆ ಜಗ್ಗಲಿಲ್ಲ. ಅದು ಸಮಾಧಾನಗೊಂಡಿತೆಂದು ನನಗೂ ಸಮಾಧಾನವಾಯಿತು.

ಕಲಬುರಗಿ ದಾಟಿತು. ಜೇವರ್ಗಿಯ ಹತ್ತಿರ ಅದು ಮೊದಲ ಸಲ ಕೆಮ್ಮಿತು. ಹುಲ್ಲಿನ ಧೂಳು ಎಂದುಕೊಂಡೆ. ಶಹಾಪುರ, ಸುರಪುರ, ನಡುರಾತ್ರಿ ಕಳೆದ ಮೇಲೆ ತಿಂಥಣಿಯ ಸೇತುವೆ, ಕೆಳಗೆ ಕತ್ತಲಲ್ಲಿ ಕೃಷ್ಣೆ. ಪ್ರತಿ ಬ್ರೇಕಿಗೂ ತೊಯ್ದ ಹುಲ್ಲಿನ ಕೆಳಗೆ ಗೊರಸು ತಗಡಿಗೆ ಜಾರಿ ಬಡಿದ ಸದ್ದು. ಲಿಂಗಸೂಗೂರು, ಮಸ್ಕಿ, ಸಿಂಧನೂರು. ಡ್ರೈವರಣ್ಣ ಎರಡು ಸಲ ಕೂಗಿ ಕೇಳಿದ: "ನಿಲ್ಲಿಸ್ಲೇನೋ ತಮ್ಮಾ?" "ಬ್ಯಾಡಣ್ಣ, ಹೊಡಿ. ನಿಂತೈತಿ ಅದು" ಎಂದೆ. ಹತ್ತೊಂಬತ್ತರ ಹುರುಪು. ಬೇಗ ಮುಟ್ಟಿಸಿದರೆ ಕುದುರೆಗೇ ಒಳ್ಳೆಯದು ಎಂದು ನಿಜವಾಗಿಯೂ ನಂಬಿದ್ದೆ. ಬೆಳಗಾದ ಮೇಲೂ ಧಡೇಸೂಗೂರಿನ ಸೇತುವೆಯ ಮೇಲೆ ಮಂಜು, ಕೆಳಗೆ ತುಂಗಭದ್ರೆ ಕಾಣಲೇ ಇಲ್ಲ. ಸಿರುಗುಪ್ಪ ಮುಟ್ಟಿದಾಗ ಒಂಬತ್ತು. ಹದಿನೆಂಟು ಗಂಟೆ.

ಗಿರಣಿಯ ಕಟ್ಟೆಗೆ ಲಾರಿ ಹಚ್ಚಿದರು. ಚಾಚಾ ಹತ್ತಿ ಬಂದು ಹಗ್ಗಕ್ಕೆ ಕೈ ಹಾಕಿದರು. ಒಂದು ಗಳಿಗೆ ಅವರ ಕೈ ಗಂಟಿನ ಮೇಲೇ ನಿಂತಿತು. ಏನೂ ಅನ್ನಲಿಲ್ಲ. ಗಂಟು ಬಿಗಿದುಹೋಗಿತ್ತು, ಕ್ಲೀನರಿನ ಚಾಕು ಇಸಿದುಕೊಂಡು ಕೊಯ್ದರು. ಬಿಟ್ಟ ತಕ್ಷಣ ಕುದುರೆ ಮೂಗನ್ನು ನೆಲಕ್ಕೇ ಇಳಿಸಿತು, ಮತ್ತೆ ಎತ್ತಲೇ ಇಲ್ಲ. ಇಳಿಸುವಾಗ ಅದರ ಮುಂಗಾಲು ನಡುಗುತ್ತಿದ್ದವು.

ಗಿರಣಿಯ ಹಿಂದೆ ಚಾಚಾರ ದೂರದ ನಂಟರ ದನದ ಕೊಟ್ಟಿಗೆ. ಒಂದು ದಿನ ದಣಿವಾರಲಿ ಎಂದು ಅಲ್ಲಿ ಕಟ್ಟಿದೆವು. ಎರಡನೆಯ ದಿನ ಅದು ಹುರುಳಿ ಮುಟ್ಟಲಿಲ್ಲ. ಮೂರನೆಯ ದಿನ ಮೂಗಿನಿಂದ ಹಳದಿ ಸಿಂಬಳ, ಪಕ್ಕೆಗಳು ತಿದಿಯಂತೆ ಏರಿಳಿಯುತ್ತಿದ್ದವು. ದನದ ಡಾಕ್ಟರನ್ನು ಕರೆತಂದೆವು. ಅವರು ಜ್ವರ ನೋಡಿದರು, ಪಕ್ಕೆಗೆ ಕೊಳವೆ ಹಚ್ಚಿ ಬಹಳ ಹೊತ್ತು ಕಿವಿಗೊಟ್ಟರು. "101ರ ಒಳಗಿರ್ಬೇಕು, 104 ದಾಟೈತಿ. ಪುಪ್ಪುಸಕ್ಕ ಹೋಗೈತಿ" ಎಂದು ಸೂಜಿಮದ್ದು ತೆಗೆದರು. ಆಮೇಲೆ ಕೇಳಿದರು: "ತರುವಾಗ ತಲಿ ಹೆಂಗ ಕಟ್ಟಿದ್ರಿ?"

ಚಾಚಾ ಕೈ ಎತ್ತಿ ತೋರಿಸಿದರು. ಡಾಕ್ಟರು ನಮ್ಮನ್ನು ಬೈಯಲಿಲ್ಲ. ಕೊಟ್ಟಿಗೆಯ ಕಂಬಕ್ಕೆ ಒರಗಿ ನಿಂತು ತಿಳಿಸಿ ಹೇಳಿದರು. ಕುದುರೆ ಬಾಯಿಂದ ಉಸಿರಾಡಲಾರದು, ಅದಕ್ಕೆ ಮೂಗೊಂದೇ ದಾರಿ. ದಿನದ ಬಹುಪಾಲು ತಲೆಯನ್ನು ನೆಲಕ್ಕಿಟ್ಟು ಮೇಯುವ ಪ್ರಾಣಿ ಅದು. ಒಳಗೆ ಹೋದ ಧೂಳು, ಕಫ ಎಲ್ಲ ತಲೆ ತಗ್ಗಿಸಿದಾಗಲೇ ಇಳಿದು ಹೊರಗೆ ಬರಬೇಕು. ತಾಸುಗಟ್ಟಲೆ ತಲೆ ಎತ್ತಿ ಕಟ್ಟಿದರೆ ಆ ಹೊಲಸು ಒಳಗೇ ನಿಂತು ಪುಪ್ಪುಸಕ್ಕೆ ಇಳಿಯುತ್ತದೆ. ಮೇಲೆ ಹುಲ್ಲಿನ ಧೂಳು, ಡೀಸೆಲ್ ಹೊಗೆ, ನೀರಿಲ್ಲದ ಮೈ. ದೂರ ಸಾಗಿಸಿದ ಕುದುರೆಗಳಿಗೆ ಬರುವ ಜ್ವರ ಇದೇ.

"ಕಟ್ಟಿದವರು ಯಾರು?" ಎಂದರು.

"ನಾನೇ ಸಾಹೇಬ್ರೆ. ತಪ್ಪು ನಂದೇ" ಎಂದರು ಚಾಚಾ.

ನಾನು ಬಾಗಿಲಲ್ಲಿ ಬಕೆಟು ಹಿಡಿದು ನಿಂತಿದ್ದೆ. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ಕುದುರೆ ಇಡೀ ರಾತ್ರಿ ಜಗ್ಗಿ ಜಗ್ಗಿ ಹೇಳಿದ್ದು ಇದನ್ನೇ, ನಾನು ಅದರ ಬಾಯಿ ಕಟ್ಟಿದ್ದೆ.

ಡಾಕ್ಟರು ಹತ್ತು ದಿನ ಸೂಜಿ ಹಾಕಿದರು. ತಿಂಗಳವರೆಗೆ ಲಾರಿಯಾಗಲಿ ಟ್ರ್ಯಾಕ್ಟರಾಗಲಿ ಹತ್ತಿಸಬೇಡಿ ಎಂದರು. ಚಾಚಾ ಆ ತಿಂಗಳು ಪೂರ್ತಿ ಕೊಟ್ಟಿಗೆಯಲ್ಲೇ ಮಲಗಿದರು. ಹುಲ್ಲನ್ನು ನೀರಿಗೆ ಅದ್ದಿ ನೆಲದ ಮೇಲೇ ಹಾಕುವರು, ಕುದುರೆ ತಲೆ ತಗ್ಗಿಸಿ ತಿನ್ನಲಿ ಎಂದು. ಉಗುರುಬೆಚ್ಚಗಿನ ನೀರಿಗೆ ಚೂರು ಬೆಲ್ಲ ಕದಡಿ ಕುಡಿಸುವರು. ನಾನು ವಾರಕ್ಕೊಮ್ಮೆ ಬಸ್ಸಿನಲ್ಲಿ ಬೂಸಾ ಹೊತ್ತು ಹೋಗುತ್ತಿದ್ದೆ. ನಂಟರ ಮನೆಯವರು ಒಂದು ದಿನವೂ ಮುಖ ಗಂಟು ಹಾಕಲಿಲ್ಲ, ತಮ್ಮ ಎಮ್ಮೆಯನ್ನು ಅಂಗಳದಲ್ಲಿ ಕಟ್ಟಿ ಕುದುರೆಗೆ ಜಾಗ ಬಿಟ್ಟರು.

ಜ್ವರ ಬಿಟ್ಟು, ಕೆಮ್ಮು ನಿಂತು, ಡಾಕ್ಟರು ಮತ್ತೊಮ್ಮೆ ಎದೆಗೆ ಕಿವಿಗೊಟ್ಟು ಒಪ್ಪಿದ ಮೇಲೆ ಚಾಚಾ ಹೇಳಿದರು: "ನಡ್ಕೊಂಡೇ ಹೋಗೋಣು ಬೇಟಾ. ಅವಸರ ಏನೈತಿ?"

ಹೊರೆಯಿಲ್ಲದೆ, ಗಾಡಿಯಿಲ್ಲದೆ, ಮೂರು ದಿನ. ಮೊದಲ ದಿನ ತೆಕ್ಕಲಕೋಟೆ, ಎರಡನೆಯ ದಿನ ಕುರುಗೋಡು, ಮೂರನೆಯ ದಿನ ಬಳ್ಳಾರಿ. ಎರಡೂ ಕಡೆ ಭತ್ತದ ಗದ್ದೆ, ತುಂಗಭದ್ರಾ ಕೆಳಮಟ್ಟದ ಕಾಲುವೆಯ ನೀರು. ಬಿಸಿಲೇರುವ ಮುಂಚೆ ನಡೆಯುವುದು, ಬೇವಿನ ಮರ ಸಿಕ್ಕಲ್ಲಿ ನಿಲ್ಲುವುದು. ಕಾಲುವೆ ದಂಡೆಯಲ್ಲಿ ಹಗ್ಗ ಸಡಿಲ ಬಿಟ್ಟರೆ ಕುದುರೆ ಗರಿಕೆ ಮೇಯುತ್ತ, ಮೂಗು ಸೀನಿಕೊಳ್ಳುತ್ತ ಮುಂದೆ ಹೋಗುವುದು. ಮೊದಲ ದಿನ ಅಲ್ಲಲ್ಲಿ ನಿಂತು ಕಿವಿ ನಿಮಿರಿಸುತ್ತಿತ್ತು. ಎರಡನೆಯ ದಿನದ ಹೊತ್ತಿಗೆ ಅದರ ನಡಿಗೆಗೆ ಲಯ ಬಂತು. ದಾರಿ ಮತ್ತೆ ಅದರ ಕಾಲ ಕೆಳಗೆ ಬಂದಿತ್ತು.

ಕುರುಗೋಡು ಮುಟ್ಟಿದಾಗ ಗುಡ್ಡಗಳ ಬಂಡೆಗಳು ಸಂಜೆ ಬಿಸಿಲಿಗೆ ಕೆಂಪೇರಿದ್ದವು. ಹೋಳಿ ಹುಣ್ಣಿಮೆಯ ತೇರಿಗೆ ಇನ್ನೂ ತಿಂಗಳ ಮೇಲಿತ್ತು. ದೊಡ್ಡಬಸಪ್ಪನ ಗುಡಿಯ ಹತ್ತಿರದ ಒಂದು ಕಟ್ಟೆಯಲ್ಲಿ ರಾತ್ರಿ ಉಳಿದೆವು. ಒಳಗೆ ಹೋಗಿ ನಮಸ್ಕಾರ ಮಾಡಿ ಬಂದೆ. ಕಾಲು ಮಡಚಿ ಕೂತ ಆ ಒಂದೇ ಕಲ್ಲಿನ ಬಸವಣ್ಣನ ಮುಂದೆ ಮನುಷ್ಯ ತೀರ ಸಣ್ಣವನಾಗುತ್ತಾನೆ. ಚಾಚಾರಿಗೆ ಹೇಳಿಬಿಡಬೇಕು ಎಂದು ಅಲ್ಲೇ ನಿಶ್ಚಯಿಸಿಕೊಂಡೆ.

ಹೊರಗೆ ಬಂದಾಗ ಚಾಚಾ ಕುದುರೆಯನ್ನು ಬೇವಿನ ಮರಕ್ಕೆ ಕಟ್ಟುತ್ತಿದ್ದರು. ಬಾಯಿ ತೆರೆದೆ: "ಚಾಚಾ, ಅವತ್ತು ರಾತ್ರಿ ಲಾರಿಯಾಗ…"

"ಬಾ ಇಲ್ಲಿ, ಕೈ ಕೊಡು" ಎಂದರು. ಹಗ್ಗವನ್ನು ನನ್ನ ಬೆರಳಿಗೆ ಕೊಟ್ಟು, ಬಾಗಿದ ತಮ್ಮ ಬೆರಳುಗಳಿಂದ ನನ್ನ ಬೆರಳನ್ನು ಆಡಿಸಿ ಒಂದು ಗಂಟು ಹಾಕಿಸಿದರು. ಕುದುರೆ ಎಷ್ಟು ಜಗ್ಗಿದರೂ ಬಿಡದು, ನಾವು ತುದಿ ಹಿಡಿದು ಒಮ್ಮೆ ಎಳೆದರೆ ಸರ್ರನೆ ಬಿಚ್ಚುವುದು. ಮೂರು ಸಲ ಕಟ್ಟಿಸಿದರು, ಮೂರು ಸಲ ಬಿಚ್ಚಿಸಿದರು. "ನಮ್ಮ ಗಂಟು ಹಿಂಗ ಇರ್ತೈತಿ. ಕೊಯ್ಯೋ ಗಂಟು ಹಾಕ್ಬಾರ್ದು" ಎಂದರು. ಆಮೇಲೆ ಹಗ್ಗವನ್ನು ಉದ್ದ ಬಿಟ್ಟರು. ಕುದುರೆ ಮೂಗನ್ನು ನೆಲಕ್ಕೆ ಹಚ್ಚಿ, ಒಣಗಿದ ಬೇವಿನೆಲೆಗಳನ್ನು ಉಸಿರಿನಿಂದ ಸರಿಸಿತು.

ಅವರಿಗೆ ಅಂದೇ ಗೊತ್ತಾಗಿತ್ತು. ಸಿರುಗುಪ್ಪದ ಕಟ್ಟೆಯ ಮೇಲೆ ಅವರ ಕೈ ನಿಂತದ್ದು ಅದಕ್ಕೇ. ಗೊತ್ತಿದ್ದೇ ಡಾಕ್ಟರ ಮುಂದೆ ತಪ್ಪನ್ನು ತಮ್ಮ ಮೇಲೆ ಹೊತ್ತಿದ್ದರು.

ಆ ಕುದುರೆ ಚಾಚಾರ ಜಟಕಾವನ್ನು ಆರು ವರ್ಷ ಎಳೆಯಿತು. ಎದೆ ಮಾತ್ರ ಪೂರ್ತಿ ಮೊದಲಿನಂತಾಗಲಿಲ್ಲ. ಕೋಟೆಯ ಏರು ಹತ್ತಿಸುವಾಗ ಅದರ ಉಸಿರು ಬೇಗ ಏರುತ್ತಿತ್ತು. ಚಾಚಾ ಇಳಿದು ಜೊತೆಗೆ ನಡೆಯುತ್ತಿದ್ದರು, ಕೂತವರನ್ನೂ ಇಳಿಸುತ್ತಿದ್ದರು. ಆಟೋದ ಕಾಲದಲ್ಲಿ ಹಾಗೆ ಮಾಡಿದರೆ ಬಾಡಿಗೆ ಉಳಿಯುವುದಿಲ್ಲ, ಉಳಿಯಲೂ ಇಲ್ಲ. ಈಗ ಚಾಚಾ ಇಲ್ಲ, ಕುದುರೆ ಇಲ್ಲ, ಸ್ಟ್ಯಾಂಡಿನಲ್ಲಿ ಮೊಬೈಲ್ ಅಂಗಡಿಗಳಿವೆ. ಕುದುರೆ ನೀರು ಕುಡಿಯುತ್ತಿದ್ದ ಕಲ್ಲುತೊಟ್ಟಿ ಎಲ್ಲಿ ಹೋಯಿತೋ. ನಾವು ಲಾರಿಯಲ್ಲಿ ಬಂದ ದಾರಿಗೆ ಜೇವರ್ಗಿಯಿಂದ ಈಚೆಗೆ ರಾಷ್ಟ್ರೀಯ ಹೆದ್ದಾರಿ 150ಎ ಎಂದು ಹೆಸರು ಬಂದಿದೆ, ಕುರುಗೋಡು ತಾಲ್ಲೂಕು ಕೇಂದ್ರವಾಗಿದೆ.

ನಾನು ಮಾತ್ರ ಆ ಕತೆಯನ್ನು ಅರ್ಧವೇ ಹೇಳುತ್ತ ಬಂದೆ. ಜಾತ್ರೆ, ರಾತ್ರಿ, ಎರಡು ನದಿ, ಹದಿನೆಂಟು ಗಂಟೆ, ಸಿರುಗುಪ್ಪ, ಅಲ್ಲಿಗೆ ನಿಲ್ಲಿಸುತ್ತಿದ್ದೆ. ಕೇಳಿದವರು ಭಲೇ ಎನ್ನುತ್ತಿದ್ದರು. ಸ್ಟ್ಯಾಂಡಿನವರು ಚಾಚಾರನ್ನು "ಮಾಳೆಗಾಂವಿಂದ ಕುದ್ರಿ ತರಾಕ ಎಷ್ಟು ಹೊತ್ತು ಹಿಡೀತು?" ಎಂದು ಕೇಳಿದರೆ ಅವರು ಕೊಡುತ್ತಿದ್ದ ಉತ್ತರವೇ ಬೇರೆ. ನಾನದನ್ನು ಅಂಗಡಿಯೊಳಗಿಂದ ಕೇಳಿಸಿಕೊಂಡೂ ಕೇಳಿಸದವನಂತೆ ಇರುತ್ತಿದ್ದೆ. ಕುದುರೆಯ ಮೇಲೆ ನನಗಿದ್ದ ಪ್ರೀತಿ ಸುಳ್ಳಲ್ಲ. ಆದರೆ ಆ ರಾತ್ರಿ ನಾನು ನೋಡುತ್ತಿದ್ದದ್ದು ಮೈಲಿಕಲ್ಲುಗಳನ್ನು, ಕುದುರೆಯನ್ನಲ್ಲ. ಎಲ್ಲೂ ನಿಲ್ಲಿಸಲಿಲ್ಲ ಎಂದು ಯಾವುದನ್ನು ಹಿರಿಮೆಯಾಗಿ ಹೇಳಿಕೊಂಡೆನೋ ಅದೇ ಅದರ ಎದೆ ಕೆಡಿಸಿದ್ದು.

ಹುಡುಗ ಚಹಾದ ಲೋಟ ಕೆಳಗಿಟ್ಟ. ಅವನ ಟ್ರೇಲರ್ ಒಳಗೆ ಹೋಗಿ ನಿಂತೆ. ಮುಂದಿನ ಗೋಡೆಯಲ್ಲಿ ಹಗ್ಗ ಕಟ್ಟುವ ಬಳೆ ನನ್ನ ಹಣೆಯ ಮಟ್ಟಕ್ಕಿತ್ತು. ಗೊತ್ತಿದ್ದದ್ದನ್ನೆಲ್ಲ ಹೇಳಿದೆ. ಬಳೆಯನ್ನು ಎದೆಯ ಮಟ್ಟಕ್ಕೆ ಇಳಿಸು. ಮೂರು ನಾಲ್ಕು ತಾಸಿಗೊಮ್ಮೆ ನೆರಳಲ್ಲಿ ನಿಲ್ಲಿಸಿ ತಲೆ ಬಿಚ್ಚು, ನೆಲದ ಹುಲ್ಲು ಮೂಸಲಿ. ಜಾತ್ರೆಯಲ್ಲೇ ಎರಡು ದಿನ ಬೆಲ್ಲದ ನೀರು ರೂಢಿ ಮಾಡಿಸು, ಅದೇ ರುಚಿಯ ನೀರನ್ನು ಕ್ಯಾನಿನಲ್ಲಿ ತುಂಬಿಕೊಂಡು ಬಾ. ಹುಲ್ಲು ಒದ್ದೆ ಮಾಡಿ ಕೊಡು. ಕೂತ ಜನರಿದ್ದಾರೆ ಎಂದುಕೊಂಡು ಓಡಿಸಬೇಡ, ತುಂಬಿದ ಕೊಡ ಇದೆ ಎಂದುಕೊಂಡು ಓಡಿಸು. 1978ರಿಂದ ಪ್ರಾಣಿ ಸಾಗಣೆಗೆ ನಿಯಮಗಳಿವೆ, ಕುದುರೆಗೆಂದೇ ಅದರಲ್ಲಿ ಬೇರೆ ಅಧ್ಯಾಯ ಇದೆ, ವೇಗ ಗಂಟೆಗೆ 35 ಕಿಲೋಮೀಟರ್ ಮೀರಬಾರದು, ಹೊರಡುವ ಮುಂಚೆ ಪಶುವೈದ್ಯರ ಪತ್ರ ಬೇಕು. ನಾವು ಅವತ್ತು ಯಾರ ಪತ್ರವನ್ನೂ ಕೇಳಿರಲಿಲ್ಲ. ಮನೆಗೆ ಬಂದ ಮೇಲೆ ಮೂರು ದಿನ ಎರಡು ಹೊತ್ತು ಜ್ವರ ನೋಡು.

ಕೊನೆಗೆ ಹಗ್ಗದ ತುಂಡೊಂದನ್ನು ತಂದು ಆ ಗಂಟು ತೋರಿಸಿದೆ. ನನ್ನ ಬೆರಳಿನಿಂದ ಅವನ ಬೆರಳನ್ನು ಆಡಿಸಿದೆ. ಮೂರು ಸಲ ಕಟ್ಟಿಸಿದೆ, ಮೂರು ಸಲ ಬಿಚ್ಚಿಸಿದೆ.

"ಇಷ್ಟೆಲ್ಲಾ ನಿಂತು ನಿಂತು ಬಂದ್ರ ಎರಡು ದಿನ ಹಿಡೀತೈತಲ್ಲ ಕಾಕಾ" ಎಂದ ಹುಡುಗ. "ನಿಮಗಾದ್ರ ಒಂದ ರಾತ್ರಿ."

"ಇಲ್ಲಪ್ಪಾ" ಎಂದೆ. ಸ್ಟ್ಯಾಂಡಿನಲ್ಲಿ ಚಾಚಾ ಪ್ರತಿ ಸಲ ಕೊಡುತ್ತಿದ್ದ ಉತ್ತರವನ್ನೇ ನಾನೂ ಕೊಟ್ಟೆ. "ನಮಗ ಒಂದು ತಿಂಗಳು ಮೂರು ದಿನ ಹಿಡೀತು."